ಸುತ್ತುವವರು, ಸುತ್ತಿಸುವವರು

(ರಟ್ಟೀಹಳ್ಳಿ. ಸಂಜೆ ಆರರ ಹೊತ್ತು, ಮನೆಯ ಮುಂದಿನ ಕಟ್ಟೆ. ಮಾತಾಡುವವರು ಇಬ್ಬರು: ಒಬ್ಬರು ನಿವೃತ್ತ ಇಂಗ್ಲಿಷ್ ಮಾಸ್ತರರು, ಇನ್ನೊಬ್ಬ ಅವರ ಕೈಯಲ್ಲಿ ಕಲಿತು ಈಗ ಊರಲ್ಲೇ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವವನು.)

– ಸರ, ಒಳಗ ಅದೀರೇನ್ರಿ?

– ಹೊರಗಽ ಕುಂತೀನಲ್ಲೋ, ಕಾಣಂಗಿಲ್ಲೇನು? ಬಾ. ನಿನ್ನಿ ಶಿಗ್ಗಾಂವಿಗೆ ಹೋಗಿದ್ದೆಲ್ಲ, ಯಾವಾಗ ಬಂದಿ?

– ರಾತ್ರಿ ಆತ್ರಿ. ಹಾವೇರಿ ಸ್ಟ್ಯಾಂಡಿನಾಗ ಒಂದು ತಾಸು ಬಸ್ಸಿಲ್ಲ. ಈ ಸಲ ಗೋವಿನಜೋಳ ಛಲೋ ಎದ್ದಾವು ನೋಡ್ರಿ, ದಾರಿ ಉದ್ದಕ್ಕೂ ಹಸರಽ ಹಸರು. ನಿಮ್ಮ ಮೊಣಕಾಲ್ನೋವು ಹೆಂಗೈತ್ರಿ?

– ಮೊಣಕಾಲು ಅಲ್ಲೇ ಐತಿ. ಏನು ಬಂದಿದ್ದಿ, ಹೇಳು.

– ಏನಿಲ್ರಿ. ಮಗಳಿಗೆ ಸಾಲ್ಯಾಗ ಒಂದು ಇಂಗ್ಲಿಷ್ ನುಡಿಗಟ್ಟು ಕೊಟ್ಟಾರ. ಅರ್ಥ ಬರೀರಿ, ವಾಕ್ಯದಾಗ ಬಳಸ್ರಿ ಅಂತ. ‘ಬೀಟಿಂಗ್ ಅರೌಂಡ್ ದ ಬುಷ್’. ಗೈಡ್‌ನಾಗ ‘ಪೊದೆಯ ಸುತ್ತ ಬಡಿಯುವುದು’ ಅಂತ ಐತಿ. ಪೊದಿ ಯಾಕ ಬಡೀಬೇಕು, ಬಡದ್ರ ಏನಾತು, ಅಕಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ.

– ಗೈಡ್ ಬರದಾವ್ಗೂ ತಿಳಿದಿರಂಗಿಲ್ಲ. ಹೇಳಬೇಕಾದ್ದನ್ನ ಹೇಳದಽ ಅದರ ಸುತ್ತ ಮುತ್ತ ತಿರುಗೋದು, ಅದು ಇವತ್ತಿನ ಅರ್ಥ. ಅಮೆರಿಕಾದಾವ್ರು ‘ಅರೌಂಡ್’ ಅಂತಾರ, ಬ್ರಿಟನ್ನಿನಾವ್ರು ‘ಅಬೌಟ್’ ಅಂತಾರ, ಎರಡೂ ಒಂದಽ. ಆದ್ರ ಅದು ಹುಟ್ಟಿದ್ದು ಬೇಟಿಯಾಗ. ಇಲ್ಲಿಂದ ಆನವಟ್ಟಿ ದಾಟಿ ಮಲೆನಾಡಿಗೆ ಹೋದ್ರ, ಹಳು ಸೋವೋದು ಅನ್ನೋ ಮಾತು ಮುದುಕರ ಬಾಯಾಗ ಇನ್ನೂ ಐತಿ. ಹಳು ಅಂದ್ರ ಪೊದಿ. ಒಂದಿಷ್ಟು ಮಂದಿ ಕೋಲು ಹಿಡಕೊಂಡು ಪೊದಿ ಬಡದು, ಕೂಗಿ, ತಮಟಿ ಬಾರಿಸಿ ಒಳಗಿನ ಪ್ರಾಣಿ ಎಬ್ಬಿಸ್ತಿದ್ರು. ಕೋವಿ ಹಿಡಿದಾವ್ರು ಆ ಕಡೆ ಸುಮ್ಮನ ಕುಂತಿರ್ತಿದ್ರು. 1972ರ ವನ್ಯಜೀವಿ ಕಾಯ್ದಿ ಬಂದ ಮ್ಯಾಲ ಅದೆಲ್ಲ ಅಪರಾಧ. ಇಂಗ್ಲೆಂಡಿನಾಗೂ ಇದಽ ಪದ್ಧತಿ. ಅಲ್ಲಿ ಹಕ್ಕಿ ಹಿಡಿಯಾಕ ಪೊದಿ ಬಡೀತಿದ್ರು.

– ಅಂದ್ರ ಬಡಿಯೋದು ಕೆಲಸದ ಒಂದು ಭಾಗ ಆತು. ಬೈಗುಳ ಹೆಂಗಾತ್ರಿ?

– ಅದಽ ನನಗೂ ಬಾಳ ದಿನ ಕಾಡಿದ ಪ್ರಶ್ನಿ. ಆ ಮಾತು ಕಾಣೋ ಹಳೇ ಬರಹ ಅಂದ್ರ 1440ರ ಸುಮಾರಿನ ಒಂದು ಕಥನಕಾವ್ಯ, ‘ಜೆನೆರೀಡೀಸ್’. ಅದರಾಗ ತಪ್ಪಿಸಿಕೊಳ್ಳೋ ಅರ್ಥಽ ಇಲ್ಲ. ಪೊದಿ ಬಡಿಯೋವ್ರು ಬ್ಯಾರೆ, ಹಕ್ಕಿ ಒಯ್ಯೋವ್ರು ಬ್ಯಾರೆ, ಅನ್ನೋ ಧಾಟಿ. ಕೂಲಿಕಾರನ ಸಂಕಟ ಅದು. ಮುಳ್ಳು ಚುಚ್ಚಿಸಿಕೊಂಡಾವ ಒಬ್ಬ, ಸಾರು ಉಂಡಾವ ಇನ್ನೊಬ್ಬ. ಮುಂದ ನೂರಾರು ವರ್ಷದಾಗ ಕೂಲಿಕಾರ ಬಿದ್ದುಹೋದ, ಹಕ್ಕೀನೂ ಹಾರಿಹೋತು, ಉಳಿದಿದ್ದು ಬರೇ ಬಡಿಯೋದು. ‘ಏ, ಸುತ್ತಲೇ ಬಡೀತಿಯಲ್ಲ, ಹಕ್ಕಿ ಹಿಡಿ’ ಅಂತ ಬೈಯೋದು ಶುರು ಆತು. ಬೈದಾವ ಪೊದಿ ಹತ್ರ ಹೋದಾವ ಅಲ್ಲ ಅನಸ್ತೈತಿ ನನಗ.

– ಒಳಗ ಹಂದಿ ಇದ್ರ ಯಾವಾವ ನೇರ ನುಗ್ತಾನ್ರಿ? ಸುತ್ತಲಽ ಬಡೀಬೇಕು.

– ಹಾಂ! ಅದನ್ನ ನೀ ಹೇಳಿದ್ದು ಛಲೋ ಆತು. ಮಾತಿನಾಗೂ ಹಂಗಽ. ಒಳಗ ಏನೈತಿ ಗೊತ್ತಿಲ್ಲದಾಗ ಮನಷ್ಯಾ ಸುತ್ತ ಬಡೀತಾನ.

ನಮ್ಮೂರಾಗಽ ಒಮ್ಮೆ ದೊಡ್ಡ ಪ್ರಮಾಣದಾಗ ಆತಲ್ಲ ಇದು, ಓದಿದ್ದು ನೆನಪೈತೇನು? 1764. ಪೇಶ್ವೆ ಮಾಧವರಾವ್ ಮರಾಠಾ ದಂಡು ತಗೊಂಡು ಇಳಕೊಂಡು ಬಂದ. ಹೈದರ ಅಲಿ ಇಲ್ಲೇ ರಟ್ಟೀಹಳ್ಳಿ ಹತ್ರ ಪಾಳ್ಯ ಬಿಟ್ಟು ಕುಂತಿದ್ದ. ಬಯಲಿಗೆ ಬರಾಕ ಹೈದರಗ ಮನಸಿಲ್ಲ, ಅವನ ನೆಲಿ ಮ್ಯಾಲ ನೇರ ನುಗ್ಗಾಕ ಪೇಶ್ವೆಗೂ ಮನಸಿಲ್ಲ. ಹಿಂದ ಸರದಂಗ ಮಾಡಿ ಮರಾಠರನ್ನ ತನ್ನ ಪಾಳ್ಯದ ಕಡೆ ಎಳೀಬೇಕು ಅಂತ ಹೈದರ ಹೊಂಟ. ಹೊಂಟಾವ ತಾನಽ ಸಿಕ್ಕೊಂಡ. ಬಯಲಾಗ ಪೆಟ್ಟು ತಿಂದು ಆನವಟ್ಟಿ ಕಾಡು ಸೇರಿದ. ಕಾಡಿನೊಳಗ ಹೋದಾವನ್ನ ಮತ್ತ ಹೊರಗ ಎಬ್ಬಿಸಾಕ ಎಷ್ಟು ಪೊದಿ ಬಡೀಬೇಕು, ನೀನಽ ಲೆಕ್ಕ ಹಾಕು.

– ಸಾಲ್ಯಾಗ ಇದನ್ನ ಯಾರೂ ಹೇಳಲೇ ಇಲ್ರೀ. ಪಾಣಿಪತ್, ಪ್ಲಾಸಿ ಅಂತ ಬರಕೊಂಡ್ವಿ. ಮನಿ ಹಿಂದಿನ ಯುದ್ಧ ಬಿಟ್ಟು ಬಿಟ್ಟಾರ.

– ಪರೀಕ್ಷೆಗೆ ಬರಂಗಿಲ್ಲಲ್ಲ. ಇರಲಿ. ಮಗಳಿಗೆ ಬರಸೋದಾದ್ರ ‘ಸುತ್ತಿ ಬಳಸಿ ಮಾತಾಡುವುದು’ ಅಂತ ಬರಸು, ಮಾರ್ಕ್ಸು ಸಿಗ್ತಾವು. ಅದಕ್ಕಿಂತ ರುಚಿ ಇರೋದು ಬೇಕಂದ್ರ ನಮ್ಮ ಗಾದಿ ಐತಿ.

– ಕೊಂಕಣ ಸುತ್ತಿ ಮೈಲಾರಕ್ಕ ಬಂದ್ಹಂಗ.

– ನೋಡು. ಇದು ನಮ್ಮ ಕಾಲಬುಡದ ಗಾದಿ. ಬೆಂಗಳೂರಾಗ ಈ ಗಾದಿ ಹೇಳೋ ಅರ್ಧ ಮಂದಿಗೆ ಮೈಲಾರ ಎಲ್ಲೈತಿ ಗೊತ್ತಿಲ್ಲ. ನಾವು ಕುಂತಲ್ಲಿಂದ ಈಶಾನ್ಯಕ್ಕ ಹೋಗಿ ಹೊಳಿ ದಾಟಿದ್ರ ಆತು. ಮೊದಲ ಬಳ್ಳಾರಿ ಜಿಲ್ಲಾ, ಈಗ ವಿಜಯನಗರ ಜಿಲ್ಲಾ, ಹೂವಿನಹಡಗಲಿ ತಾಲ್ಲೂಕು. ಕೊಂಕಣ ಎಲ್ಲೈತಿ? ಪಶ್ಚಿಮಕ್ಕ, ಘಟ್ಟ ಇಳದು. ಗಾದಿಯಾಗಿನ ಮನಷ್ಯಾ ಎದುರಿಗಿರೋ ದೇವ್ರಿಗೆ ಬೆನ್ನು ಮಾಡಿ, ಶಿರಸಿ ದಾಟಿ, ಘಟ್ಟ ಇಳದು, ಸಮುದ್ರ ನೋಡಿ, ಮತ್ತ ಘಟ್ಟ ಹತ್ತಿ, ಹೊಳಿ ದಾಟಿ ಮೈಲಾರಕ್ಕ ಬಂದಾನ. ಕಾಲ್ನಡಿಗಿ ಕಾಲದಾಗ!

– ಬಂದಾನಲ್ರೀ ಆದ್ರೂ.

– ಹಾಂ?

– ಅಲ್ರೀ, ಮೈಲಾರಕ್ಕ ಬಂದಾನ. ಪೊದಿ ಬಡಿಯೋ ಇಂಗ್ಲಿಷಿನಾವ ಎಲ್ಲಿಗೂ ಬರಂಗಿಲ್ಲ, ಬಡೀತಽ ಇರ್ತಾನ. ನಮ್ಮಾವ ತಡಾ ಮಾಡಿ ಬಂದ್ರೂ ಜಾತ್ರಿಗೆ ಬಂದ.

– ನಲವತ್ತು ವರ್ಷ ಪಾಠ ಮಾಡಿದೆ, ಇದು ಹೊಳೀಲಿಲ್ಲ ನೋಡು ನನಗ. ಖರೆ. ನಮ್ಮ ಗಾದಿಯಾಗ ಮುಟ್ಟೋ ಊರು ಐತಿ. ಕುಮುದ್ವತಿ ಹರದಂಗ. ಹುಂಚದ ಹತ್ರ ಹುಟ್ಟಿ, ಮಾಸೂರ ಹತ್ರ ಮದಗದ ಕೆರಿ ತುಂಬಿ, ನಮ್ಮೂರ ಮಗ್ಗಲಾಗ ಹಾದು, ಎಷ್ಟು ಡೊಂಕಾದ್ರೂ ತುಂಗಭದ್ರಾ ಮುಟ್ತೈತಿ. ಕದಂಬೇಶ್ವರನ ಗುಡ್ಯಾಗ ಪ್ರದಕ್ಷಿಣಿ ಹಾಕ್ತೀವಿ, ಅದೂ ಸುತ್ತೋದಽ. ಯಾರೂ ‘ಏ, ನೇರ ಒಳಗ ಹೋಗೋ’ ಅಂತ ಬೈಯಂಗಿಲ್ಲ.

– ಮತ್ತ ಮೈಲಾರದ ಕಾರ್ಣಿಕ? ಅದಕ್ಕೇನಂತೀರಿ?

– ಅದು ಉಲ್ಟಾ ಕತಿ. ಗೊರವಪ್ಪ ಉಪವಾಸ ಇದ್ದು, ಭರತ ಹುಣ್ಣಿವಿ ಆದ ಮ್ಯಾಲ ಬಿಲ್ಲು ಹತ್ತಿ, ‘ಸದ್ದಲೇ’ ಅಂತಾನ. ಲಕ್ಷಗಟ್ಲೆ ಮಂದಿ ಗಪ್ಪಂತ ನಿಂದರ್ತಾರ. ಒಂದು ವಾಕ್ಯ ಹೇಳ್ತಾನ, ಬಿಲ್ಲಿನ ಮ್ಯಾಲಿಂದ ಕೆಳಗ ಜಿಗೀತಾನ. ಮುಗೀತು. ಅಷ್ಟು ಸಣ್ಣ ಮಾತು ಕರ್ನಾಟಕದಾಗ ಇನ್ಯಾರೂ ಆಡಂಗಿಲ್ಲ. ಪೀಠಿಕಿ ಇಲ್ಲ, ಉಪಸಂಹಾರ ಇಲ್ಲ. ಆಮ್ಯಾಲ ಶುರು ಆಗ್ತೈತಿ ಸುತ್ತೋದು. ಮಳಿ ಅಂತಾನ ಒಬ್ಬ, ಹತ್ತಿ ರೇಟು ಅಂತಾನ ಇನ್ನೊಬ್ಬ, ಸರ್ಕಾರ ಬೀಳ್ತೈತಿ ಅಂತಾನ ಮತ್ತೊಬ್ಬ. ದೇವರಗುಡ್ಡದ ಕಾರ್ಣಿಕದಾಗೂ ಹಿಂಗಽ. ಹೇಳಿದಾವ ನೇರ ಹೇಳ್ಯಾನ, ಕೇಳಿದಾವ್ರು ಪೊದಿ ಬಡದಾರ.

– ನಮ್ಮ ಅಂಗಡ್ಯಾಗ ಒಂದು ವಾರ ಅದಽ ಚರ್ಚಾ ಇರ್ತೈತ್ರಿ. ಬೀಜ ತಗೊಳ್ಳೋದು ಬಿಟ್ಟು.

– ನೇರ ಮಾತಿಗೆ ಕನ್ನಡದಾಗ ಏನಂತಾರ ಗೊತ್ತೈತಲ್ಲ? ಕಡ್ಡಿ ಮುರದ್ಹಂಗ. ಇಂಗ್ಲಿಷಿನಾಗ ಇಡೀ ಪೊದಿ ಬೇಕು, ಕೋಲು ಬೇಕು, ಹಕ್ಕಿ ಬೇಕು. ನಮಗ ಒಂದು ಕಡ್ಡಿ ಸಾಕು. ಪಟ್ಟಂತ ಮುರೀತು, ಮಾತು ಮುಗೀತು. ಆ ಸಪ್ಪಳದಾಗ ಅರ್ಥ ಐತಿ. ಮುರದ ಕಡ್ಡಿ ಮತ್ತ ಕೂಡಂಗಿಲ್ಲ ಅನ್ನೋದೂ ಅದರಾಗ ಐತಿ. ಅದಕ್ಕಽ ಮಂದಿ ಸುತ್ತ ಹೋಗ್ತಾರ.

– ಅಡ್ಡಗೋಡಿ ಮ್ಯಾಲ ದೀಪ ಇಟ್ಹಂಗ, ಅದೂ ಇದಽ ಅಲ್ರೀ?

– ಅಲ್ಲ, ಅದು ಬ್ಯಾರೆ ಜಾತಿ. ಅದು ಎರಡೂ ಕಡೆ ಬೆಳಕು ಕೊಟ್ಟು ಎರಡೂ ಮನಿಯಾವ್ರ ಕಡಿಂದ ಹೌದನಿಸ್ಕೊಳ್ಳೋದು. ರಾಜಕಾರಣದಾವ್ರ ದೀಪ. ಸುತ್ತಿ ಬಳಸೋದು ಹೆದರಿದಾವಾ ಮಾಡೋದು, ಇಲ್ಲಾ ಮರ್ಯಾದಿ ಇರೋವಾ ಮಾಡೋದು. ಹಾರಿಕಿ ಉತ್ತರ ಮತ್ತ ಬ್ಯಾರೆ, ಅಲ್ಲಿ ಹಕ್ಕೀನಽ ಮಾತಾಡಾಕತ್ತಿರ್ತೈತಿ.

– ಮರ್ಯಾದಿ ಅಂದ್ರಿ. ಸುಳ್ಳು ಹೇಳೋದು ಮರ್ಯಾದಿ ಹೆಂಗಾತ್ರಿ?

– ಸುಳ್ಳು ಅಂದೆನೇನು? ನಿಮ್ಮವ್ವ ಡಬ್ಬ್ಯಾಗ ಅಕ್ಕಿ ತೀರಿದ್ರ ಏನಂತಿದ್ಲು?

– ಅಕ್ಕಿ ಹೆಚ್ಚ್ಯಾವು.

– ಬಳಿ ಒಡದ್ರ?

– ಬಳಿ ಹೆಚ್ಚಿದವು ಅಂತಿದ್ಲು. ಅದನ್ನ ಕೇಳಿ ಅಪ್ಪ ಸಂತಿಗೆ ಚೀಲ ಹಿಡಕೊಂಡು ಹೋಗ್ತಿದ್ದ.

– ಹೆಚ್ಚ್ಯಾವು ಅಂದಾಗ ನಿಮ್ಮಪ್ಪ ‘ಹೌದಾ, ಹಂಗಾರ ಮಾರೂಣು’ ಅಂತ ಎಂದಾದ್ರೂ ಅಂದಾನೇನು? ಇಲ್ಲ. ಇಬ್ಬರಿಗೂ ಗೊತ್ತು. ಗೊತ್ತಿದ್ದಾವ್ರ ನಡುವ ಅದು ಸುಳ್ಳಲ್ಲ, ಭಾಷಾ. ಹೊಂಟಾವನ್ನ ಎಲ್ಲಿಗೆ ಅಂತ ಕೇಳಬಾರದು, ‘ದೂರ ಹೊಂಟ್ರಿ?’ ಅಂತ ಕೇಳಬೇಕು. ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು. ರಾತ್ರಿ ಹಾವು ಅನ್ನಬಾರದು, ಹುಳ ಅನ್ನಬೇಕು. ಬಾಗಿಲಿಗೆ ‘ನಾಳೆ ಬಾ’ ಅಂತ ಬರದು ದೆವ್ವಕ್ಕಽ ಹಾರಿಕಿ ಉತ್ತರ ಕೊಟ್ಟ ನಾಡು ಇದು! ದೆವ್ವ ಪಾಪ, ಓದಿ, ಹೌದಽ ನಾಳೆ ಬರೂಣು ಅಂತ ಹೋಗ್ತೈತಂತ. ದಿನಾ. ಅಷ್ಟು ಮರ್ಯಾದಸ್ಥ ದೆವ್ವ ಇಂಗ್ಲೆಂಡಿನಾಗ ಸಿಗಂಗಿಲ್ಲ.

– ದನದ ಪ್ಯಾಟ್ಯಾಗ ಟುವಾಲು ಹಾಕಿ ಬೆರಳು ಹಿಡಿಯೋದು?

– ಅದು ಇನ್ನೂ ಚಂದ. ಬಾಯಿಲೆ ರೇಟು ಹೇಳಿದ್ರ ಸುತ್ತ ನಿಂತಾವ್ರು ಕೇಳ್ತಾರ, ಕಡಿಮಿ ಕೇಳಿದಾವ್ಗ ಅವಮಾನ, ಕಡಿಮಿಗೆ ಒಪ್ಪಿದಾವ್ಗ ಇನ್ನೂ ಅವಮಾನ. ಅದಕ್ಕ ಟುವಾಲಿನ ಕೆಳಗ ಬೆರಳು ಮಾತಾಡ್ತಾವು. ಮ್ಯಾಲ ಬಾಯಿ ‘ಹಲ್ಲು ಎಷ್ಟು, ಸುಳಿ ಹೆಂಗೈತಿ’ ಅಂತ ಪೊದಿ ಬಡೀತಿರ್ತೈತಿ, ಕೆಳಗ ಕೈ ಹಕ್ಕಿ ಹಿಡದಿರ್ತೈತಿ. ಎರಡೂ ಏಕಕಾಲಕ್ಕ. ವ್ಯವಹಾರ ಕೂಡಲಿಲ್ಲ ಅಂದ್ರ ಟುವಾಲು ಜಾಡಿಸಿ ಹೆಗಲಿಗೆ ಹಾಕೊಂಡ, ಯಾರಿಗೂ ಏನೂ ಆಗಿಲ್ಲ.

ಕನ್ಯಾ ನೋಡೋ ವಿಚಾರದಾಗೂ ಅಂಥಾದ್ದೊಂದು ಟುವಾಲು ಇರ್ತೈತಿ. ಹುಡುಗಿ ಮನಸಿಗೆ ಬರಲಿಲ್ಲ ಅಂತ ಯಾರೂ ಅನ್ನಂಗಿಲ್ಲ. ಜಾತಕ ಕೂಡಲಿಲ್ಲ ಅಂತಾರ. ಕಂಕಣಬಲ ಬಂದಿಲ್ಲ ಅಂತಾರ. ನೋಡೂಣು ಅಂತಾರ. ನಮ್ಮ ಭಾಷಾದಾಗ ‘ನೋಡೂಣು’ ಅನ್ನೋವಷ್ಟು ಮೃದು ‘ಇಲ್ಲ’ ಇನ್ನೊಂದಿಲ್ಲ. ಗ್ರಹಗಳ ಮ್ಯಾಲ ತಪ್ಪು ಹಾಕಿ...

– ಸರ, ಸರ್ವಜ್ಞ ಹಿಂಗೆಲ್ಲ ಮಾಡ್ತಿರಲಿಲ್ಲ ಅಲ್ರೀ?

– ಏನೋ, ಜಿಗದಿಯಲ್ಲ ಒಮ್ಮೆಲೆ!

– ಅಲ್ರೀ, ನೆನಪಾತು. ನಮ್ಮ ಕಡೆಯಾವ. ಅಬಲೂರು, ಮಾಸೂರು ಅಂತಾರ. ಅವ ಕಡ್ಡಿ ಮುರದಾವ.

– ಹೌದು, ಇಲ್ಲೇ ಮಗ್ಗಲಾವ. ಉತ್ತಂಗಿ ಚೆನ್ನಪ್ಪನವ್ರು ಊರೂರು ತಿರುಗಿ, ಓಲಿ ಹುಡುಕಿ, ಮಂದಿ ಬಾಯಾಗಿನ್ನ ಕೇಳಿ 1924ರಾಗ ಅವನ ವಚನಗಳನ್ನ ಪುಸ್ತಕ ಮಾಡಿದ್ರು. ಪಾದ್ರಿಗಳು ಅವರು, ಸರ್ವಜ್ಞನ ಬೆನ್ನು ಹತ್ತಿದ್ರು. ಜಾತಿ, ಜಿಪುಣತನ, ಸಾಲ, ಯಾವುದಕ್ಕೂ ಮುಲಾಜು ನೋಡಿದಾವಲ್ಲ ಸರ್ವಜ್ಞ. ಮೂರು ಸಾಲಿನಾಗ ಪೊದಿ ಬಡಿಯಾಕ ಜಾಗಾನಽ ಇಲ್ಲ. ಆದ್ರ ಅವನ ಒಗಟು ನೆನಪೈತೇನು? ಒಗಟು ಅಂದ್ರ ಏನು? ವಸ್ತುವಿನ ಹೆಸರೊಂದು ಬಿಟ್ಟು ಸುತ್ತ ಎಲ್ಲಾ ಹೇಳೋದು. ಕಡ್ಡಿ ಮುರಿಯೋ ಸರ್ವಜ್ಞನಽ ಕುಂತು ಪೊದಿ ಬಡದಾನ, ನೀನಽ ಹಕ್ಕಿ ಹಿಡಿ ಅಂತ. ಹಂಗಾಗಿ ಸುತ್ತೋದಽ ತಪ್ಪು ಅಂತ ನಾ ಒಪ್ಪಂಗಿಲ್ಲ.

– ಹಂಗಾರ ಯಾವುದು ತಪ್ಪು?

– ಸುತ್ತಿಸೋದು.

– ಎರಡೂ ಒಂದಽ ಅಲ್ರೀ?

– ವ್ಯಾಕರಣ ಮರತಿ. ಸುತ್ತು, ಸುತ್ತಿಸು. ಮಾಡು, ಮಾಡಿಸು. ನಡುವ ಒಂದು ‘ಇಸು’ ಐತಿ, ಅಷ್ಟಽ. ಸುತ್ತೋವಾಗ ದಣಿಯೋದು ನನ್ನ ಕಾಲು. ಸುತ್ತಿಸೋವಾಗ ದಣಿಯೋದು ನಿನ್ನ ಕಾಲು. ಇಂಗ್ಲಿಷಿನ ಆ ಮಾತಿನಾಗ ಈ ಫರಕಽ ಇಲ್ಲ, ಅಲ್ಲಿ ಯಾರ ಕಾಲು ಅಂತ ಯಾರೂ ಕೇಳಂಗಿಲ್ಲ. ನಾ ಪಿಂಚಣಿಗೆ ಅಂತ ಒಂದು ಕಚೇರಿಗೆ ಓಡಾಡಿದೆ. ಯಾವುದು ಅಂತ ಬ್ಯಾಡ. ಅಲ್ಲಿ ಯಾರೂ ಇಲ್ಲ ಅನ್ನಲಿಲ್ಲ. ‘ಫೈಲು ಮ್ಯಾಲ ಹೋಗೈತಿ’, ‘ಸಾಹೇಬ್ರು ಮೀಟಿಂಗಿನಾಗ ಅದಾರ’, ‘ಸೋಮವಾರ ಬರ್ರಿ’. ಮಾತಾಡಿದಾವ ಕುರ್ಚಿ ಬಿಟ್ಟು ಎದ್ದಿಲ್ಲ, ಕೊಂಕಣ ಸುತ್ತಿದ್ದು ನನ್ನ ಮೊಣಕಾಲು. ಹನ್ನೊಂದು ಸಲ. ಬಸ್ ಚೀಟಿ ಇಟ್ಟೀನಿ ಇನ್ನೂ.

– ಹನ್ನೊಂದು ಸಲ ಹೋಗಿ ಮೈಲಾರ ಮುಟ್ಟಿದ್ರೇನ್ರಿ?

– ಅರ್ಜಿ ಹಾಕಿದ ಮ್ಯಾಲ ಮುಟ್ಟಿದೆ. 2005ರ ಮಾಹಿತಿ ಹಕ್ಕು ಕಾಯ್ದಿ. ಮೂವತ್ತು ದಿನದಾಗ ಉತ್ತರ ಕೊಡಬೇಕು. ಕೊಡಲಿಲ್ಲ ಅಂದ್ರ ಮಾಹಿತಿ ಆಯೋಗ ಆ ಅಧಿಕಾರಿಗೆ ದಿನಕ್ಕ 250 ರೂಪಾಯಿ ದಂಡ ಹಾಕಬಹುದು, ಗರಿಷ್ಠ 25,000. ನಮ್ಮ ರಾಜ್ಯದಾಗ 2011ರಾಗ ಸಕಾಲ ಕಾಯ್ದಿ ಬಂತು. ಅದರಾಗ ತಡಾ ಮಾಡಿದ್ರ ಅರ್ಜಿದಾರಗ ದಿನಕ್ಕ 20 ರೂಪಾಯಿ ಪರಿಹಾರ, ಹೆಚ್ಚಂದ್ರ 500. ಎರಡೂ ಕಾಯ್ದಿ ಓದಿದಾಗ ನನಗ ನಗು ಬಂತು. ಸುತ್ತಿಸೋದಕ್ಕೂ ಒಂದು ರೇಟು ಕಟ್ಯಾರಲ್ಲ! ‘ಸೋಮವಾರ ಬರ್ರಿ’ ಅನ್ನೋ ಎರಡು ಶಬ್ದಕ್ಕ ಬೆಲಿ ಬಂದಿದ್ದು ಆವಾಗಽ.

– 20 ರೂಪಾಯಿ ಅಂದ್ರ ಹಿರೇಕೆರೂರಿಗೆ ಹೋಗಿಬರೋ ಚಾರ್ಜೂ ಆಗಂಗಿಲ್ಲ.

– ಹಿರೇಕೆರೂರು ಅಂದ್ಯಲ್ಲ, ನಮ್ಮೂರು ತಾಲ್ಲೂಕಾದದ್ದು ನೆನಪು ಮಾಡ್ಕೋ. ಹೊಸ ತಾಲ್ಲೂಕು ಬೇಕು ಅನ್ನೋದು ಈ ರಾಜ್ಯದಾಗ ಎಷ್ಟು ಹಳೇ ಬೇಡಿಕಿ! ಎಪ್ಪತ್ತರ ದಶಕದಾಗ ವಾಸುದೇವರಾವ್ ಆಯೋಗ. ಆಮ್ಯಾಲ ಹುಂಡೇಕರ್ ಸಮಿತಿ. ಆಮ್ಯಾಲ ಗದ್ದಿಗೌಡರ್ ಸಮಿತಿ. ಆಮ್ಯಾಲ ಎಂ.ಬಿ. ಪ್ರಕಾಶ್ ಸಮಿತಿ. 2013ರ ಬಜೆಟ್‌ನಾಗ 43 ಹೊಸ ತಾಲ್ಲೂಕು ಅಂತ ಘೋಷಣೆ ಆತು. 2017ರ ಬಜೆಟ್‌ನಾಗ ಅದು 49 ಆತು. 2018ರಾಗ ಒಮ್ಮೆ ಬೋರ್ಡು ಕಂಡ್ವಿ. ಒಂದು ಉತಾರಿಗೆ, ಒಂದು ದಾಖಲಿಗೆ ಹಿರೇಕೆರೂರು ಬಸ್ಸು ಹತ್ತಿದಾವ್ರು ಅಷ್ಟರಾಗ ಮುದುಕರಾದ್ರು. ಯಾರೂ ಬಾಯಿಬಿಟ್ಟು ಇಲ್ಲ ಅಂದಿದ್ದು ನಾ ಕೇಳಿಲ್ಲ, ನೆನಪಿಡು. ‘ಪರಿಶೀಲನೆಯಲ್ಲಿದೆ’. ಕನ್ನಡದಾಗ ಇಷ್ಟು ಉದ್ದನ್ನ ಪೊದಿ ಇನ್ನೊಂದಿಲ್ಲ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಅಂತಾರ. ಯಾರು ಕೈಗೊಳ್ತಾರ? ಆ ವಾಕ್ಯದಾಗ ಕರ್ತೃಽ ಇಲ್ಲ. ಹಕ್ಕೀನೂ ಇಲ್ಲ, ಬಡಿಯೋವಾನೂ ಇಲ್ಲ, ಬರೇ ಪೊದಿ ಅಲ್ಲಾಡಾಕತ್ತೈತಿ.

– ಸರ, ಮಗಳಿಗೆ ಇಷ್ಟೆಲ್ಲಾ ಬರಿಯಾಕ ಜಾಗಾ ಇಲ್ರೀ. ಎರಡು ಗೆರಿ ಬಿಟ್ಟಾರ.

– ಎರಡು ಗೆರಿ ಸಾಕು. ವಾಕ್ಯ ನಾ ಹೇಳ್ತೀನಿ, ಕನ್ನಡದಾಗ ಬರಕೋ, ಅಕಿ ಇಂಗ್ಲಿಷ್ ಮಾಡ್ಲಿ. ‘ಅವನು ಮೊಣಕಾಲು ನೋವಿನ ಬಗ್ಗೆ, ಗೋವಿನಜೋಳದ ಬಗ್ಗೆ ಕೇಳಿದ, ಬಂದ ಕೆಲಸ ಹೇಳಲಿಲ್ಲ’.

– ಸರ...

– ಬರಕೊಂಡ್ಯಾ?

– ಬರಕೋತೀನ್ರಿ. ಹೊತ್ತಾತು. ಅಂಗಡ್ಯಾಗ ಹುಡುಗ ಒಬ್ಬಾವಽ ಅದಾನ. ಬರ್ತೀನ್ರಿ ಸರ.

– ಚಾ ಇಟ್ಟಾಳ ಒಳಗ. ಕುಂಡ್ರು. ನೀ ಬಂದು ಒಂದು ತಾಸಾತು. ಮದಿವಿ ಮಾತು ಬಂದ ಕೂಡ್ಲೇ ಸರ್ವಜ್ಞನ ಹೆಗಲು ಹತ್ತಿದಿ. ಶಿಗ್ಗಾಂವಿ ಅಂದ್ರ ಬಸ್ಸು ಅಂತಿ.

– ಮೊಮ್ಮಗಳು ಕೇಳ್ತಾಳೇನೋ ಅಂತ, ಸರ... ಒಳಗ ಅದಾಳಲ್ರೀ.

– ಹಿತ್ತಲದಾಗ ಹೂವು ಬಿಡಸಾಕ ಹೋಗ್ಯಾಳ. ಹೇಳು. ಅವ್ರು ಏನಂದ್ರು?

– ಛಲೋ ಮಾತಾಡ್ಸಿದ್ರು ಸರ. ಚಾ, ಅವಲಕ್ಕಿ ಕೊಟ್ರು. ಹುಡುಗಿ ಓದಿದ್ದೆಲ್ಲಾ ಕೇಳಿದ್ರು. ನಿಮ್ಮ ಬಗ್ಗೆ ಭಾಳ ಗೌರವ ಅದ ಅಂದ್ರು. ಆಮ್ಯಾಲ ಹುಡುಗನ ಅಪ್ಪ ಬಾಗಿಲತನ ಬಂದು...

– ಬಂದು?

– ನೋಡೂಣು ಅಂದ್ರು.

– ಹೂಂ. ಜಾತಕ ಯಾವಾಗ ಕೊಟ್ಟಿದ್ದಿ?

– ಮೊನ್ನಿ ಸೋಮವಾರ ಕಳಿಸಿದ್ದೆ. ನಿನ್ನಿ ಅವ್ರಽ ಫೋನ್ ಮಾಡಿ ಕರಸಿ ಹೇಳಿದ್ರು.

– ಎಂಟು ದಿನ ಆಗಿಲ್ಲ. ಛಲೋ ಮಂದಿ. ಚಾದಾಗ ಸಕ್ಕರಿ ಎಷ್ಟು ಹಾಕಲಿ, ಹೇಳು.